ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂಜಿನಿಯರಿಂಗ್: ಪದವಿಯ ಮುಂದಿನ ಓದು

ಕೇಳುಗರಿಗೆ ನಮಸ್ಕಾರ.

1936ರಲ್ಲಿ ಕ್ಲಾಡ್ ಶಾನನ್ ಎಂಬ ತರುಣರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎರಡು ಪದವಿ ಪಡೆದರು. ಒಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗಿನದು, ಇನ್ನೊಂದು ಗಣಿತದ್ದು. ಮುಂದಿನ ಓದಿಗೆ ಅಮೆರಿಕದ್ದೇ ಆದ ಎಂಐಟಿ ಎಂಬ ತಾಂತ್ರಿಕ ಸಂಸ್ಥೆ ಸೇರಿದಾಗ ಅಲ್ಲಿನ ಎಂಜಿನಿಯರ್ ವ್ಯಾನೆವರ್ ಬುಷ್ ಅವರ ದೊಡ್ಡ ಲೆಕ್ಕದ ಯಂತ್ರವನ್ನು ನಡೆಸುವ ಕೆಲಸ ಅವರ ಪಾಲಿಗೆ ಬಂತು. ಅದರ ರಿಲೇ, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚುಗಳ, ಸರ್ಕ್ಯೂಟುಗಳ ಜೊತೆ ಒಡನಾಡುತ್ತ ಅವರಿಗೊಂದು ಹೊಳೆಯಿತು. ಸ್ವಿಚ್ಚು ತೆರೆಯುವುದು, ಮುಚ್ಚುವುದು ಎಂದರೆ ಗಣಿತಜ್ಞ ಜಾರ್ಜ್ ಬೂಲ್ ಅವರ ತರ್ಕಗಣಿತದ ಸುಳ್ಳು, ನಿಜಗಳೇ ಅಲ್ಲವೇ? 1937ರಲ್ಲಿ, 21ನೇ ವಯಸ್ಸಿನಲ್ಲಿ, ಅದನ್ನೇ ಪ್ರಬಂಧವಾಗಿ ಒಪ್ಪಿಸಿದರು. ಡಿಜಿಟಲ್ ಸರ್ಕ್ಯೂಟ್ ವಿನ್ಯಾಸಕ್ಕೆ ಬುನಾದಿ ಹಾಕಿದ ಆ ಬರಹ ಪಿಎಚ್‌.ಡಿ.ಯದಲ್ಲ, ಮಾಸ್ಟರ್ಸ್ ಪದವಿಯದು.

ಹಾಗಾಗಿ, ಮಾಸ್ಟರ್ಸ್ ಎಂದರೆ ಇನ್ನೊಂದಷ್ಟು ಪರೀಕ್ಷೆ ಎಂದುಕೊಂಡವರಿಗೆ ನನ್ನದೊಂದು ಕಳಕಳಿಯ ಮಾತು. ಪಾಠಗಳಷ್ಟೇ ಇರುವ ದಾರಿಯೂ ಉಂಟು, ಪ್ರಬಂಧದ ದಾರಿಯೂ ಉಂಟು. ಚಿಪ್ ವಿನ್ಯಾಸದಂಥ ಕೆಲಸಕ್ಕೆ ಬೇಗ ಸೇರಬೇಕೆನ್ನುವವರಿಗೆ ಮೊದಲನೆಯದು ಸರಿಹೋಗುತ್ತದೆ. ಸಂಶೋಧನೆ ತಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬ ಅನುಮಾನವಿದ್ದವರು ಪ್ರಬಂಧವನ್ನೇ ಆರಿಸಿಕೊಳ್ಳಲಿ. ಉತ್ತರವೇ ಗೊತ್ತಿಲ್ಲದ ಪ್ರಶ್ನೆಯೊಂದಿಗೆ ಒಂದು ವರ್ಷ ಬಾಳಿ ನೋಡಿದರೆ, ಪಿಎಚ್‌.ಡಿ.ಗೆ ಹಲವು ವರ್ಷ ಕೊಡಬಹುದೇ ಎಂಬುದು ತಾನಾಗಿ ತಿಳಿಯುತ್ತದೆ.

ಇನ್ನು ವಿಷಯ. ಪವರ್ ಸಿಸ್ಟಮ್ಸ್, ಅಂದರೆ ವಿದ್ಯುತ್ ಜಾಲಗಳ ಓದು, ಹಳೆಯದಾಯಿತು ಎಂದು ಮೂಗು ಮುರಿಯುವವರಿದ್ದಾರೆ. ಆ ಮಾತು ನನಗೆ ನೋವು ತರುತ್ತದೆ. ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ತಿರುಗುವ ಜನರೇಟರುಗಳ ಭಾರವೇ ಜಾಲಕ್ಕೆ ಸ್ಥಿರತೆ ಕೊಡುತ್ತಿತ್ತು. ಎಲ್ಲೋ ಒಂದು ಸ್ಥಾವರ ನಿಂತರೂ ವಿದ್ಯುತ್ತಿನ ಆವರ್ತನ, ಅಂದರೆ ಫ್ರೀಕ್ವೆನ್ಸಿ, ತಟಕ್ಕನೆ ಕುಸಿಯುತ್ತಿರಲಿಲ್ಲ. ಸೌರ ಫಲಕಗಳಲ್ಲಿ ತಿರುಗುವ ಭಾಗವೇ ಇಲ್ಲ, ಫಲಕಕ್ಕೂ ಜಾಲಕ್ಕೂ ನಡುವೆ ಇರುವುದು ಡಿಸಿ ವಿದ್ಯುತ್ತನ್ನು ಎಸಿ ಮಾಡುವ ಇನ್ವರ್ಟರ್. ಆ ಸ್ಥಿರತೆಯನ್ನು ಇನ್ವರ್ಟರಿನ ನಿಯಂತ್ರಣದಿಂದಲೇ ತರುವುದು ಹೇಗೆ? ಇಲ್ಲಿ ಕಂಟ್ರೋಲ್ ಸಿದ್ಧಾಂತ, ಪವರ್ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಎಲ್ಲವೂ ಬೇಕು. ಗ್ಯಾಲಿಯಂ ನೈಟ್ರೈಡ್, ಸಿಲಿಕಾನ್ ಕಾರ್ಬೈಡ್ ಎಂಬ ಅರೆವಾಹಕಗಳಿಂದ ಮಾಡಿದ ಸ್ವಿಚ್ಚುಗಳು ಇದೇ ಕ್ಷೇತ್ರಕ್ಕೆ ಹೊಸ ಬಾಗಿಲು ತೆರೆದಿವೆ.

ಕಂಪ್ಯೂಟರ್ ಆರ್ಕಿಟೆಕ್ಚರ್, ಅಂದರೆ ಯಂತ್ರದ ಒಳರಚನೆಯ ವಿನ್ಯಾಸದ ಕಡೆಗೆ ಹೋದರೆ, ದೊಡ್ಡ ತಲೆನೋವು ಲೆಕ್ಕ ಮಾಡುವುದಲ್ಲ, ದತ್ತಾಂಶವನ್ನು ಮೆಮೊರಿಯಿಂದ ಹೊತ್ತು ತರುವುದು. ಖರ್ಚಾಗುವ ಶಕ್ತಿಯ ಬಹುಪಾಲು ಅನೇಕ ಸಲ ಆ ಓಡಾಟಕ್ಕೇ ಹೋಗುತ್ತದೆ. ಸಿಗ್ನಲ್ ಪ್ರೊಸೆಸಿಂಗ್, ಸಂವಹನ, ಬೆಳಕನ್ನು ದುಡಿಸಿಕೊಳ್ಳುವ ಫೋಟಾನಿಕ್ಸ್ ಕೂಡ ಇವೆ. ಯಾವುದನ್ನೇ ಹಿಡಿದರೂ ರೇಖೀಯ ಬೀಜಗಣಿತ, ಸಂಭವನೀಯತೆ ಎರಡನ್ನೂ ಈಗಲೇ ಗಟ್ಟಿಮಾಡಿಕೊಳ್ಳಿ.

ಕೊನೆಗೆ ಮಾರ್ಗದರ್ಶಕರನ್ನು ಆರಿಸಿಕೊಳ್ಳುವ ಮಾತು. ಅವರ ಇತ್ತೀಚಿನ ಎರಡು ಲೇಖನಗಳನ್ನಾದರೂ ಓದಿ. ಅವರ ಬಳಿ ಈಗ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳನ್ನು ಮಾತನಾಡಿಸಿ. ವಾರಕ್ಕೆ ಎಷ್ಟು ಸಲ ಭೇಟಿ ಸಿಗುತ್ತದೆ, ಪ್ರಯೋಗ ಕೆಟ್ಟಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ, ಸಹಾಯಧನ ಎಷ್ಟು ಕಾಲ ಬರುತ್ತದೆ ಎಂದು ಅರ್ಜಿ ಹಾಕುವ ಮುನ್ನವೇ ಕೇಳಿ, ಸಂಕೋಚ ಬೇಡ.

ನಮಸ್ಕಾರ.