ಕಾಲ ಮೇಲೆ ಬಿಳಿ ಗೆರೆ: ದೀಪಾವಳಿಯಿಂದ ಎಳ್ಳ ಅಮಾವಾಸ್ಯೆವರೆಗೆ ಮೈ ಯಾಕೆ ಒಡೆಯುತ್ತದೆ?

[ಕ್ಲೋಸಪ್: ಮೊಣಕಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆಯುವುದು]

ನಮಸ್ಕಾರ್ರೀ ಎಲ್ಲರಿಗೂ. ಇಲ್ಲಿ ನೋಡಿ. ಉಗುರಿನಿಂದ ಸುಮ್ನೆ ಒಂದು ಗೆರೆ ಎಳೆದೆ, ಬೆಳ್ಳಗೆ ಮೂಡಿತು. ಚಿಕ್ಕವರಿದ್ದಾಗ ಸಾಲೆಯಲ್ಲಿ ಬೆಂಚಿನ ಕೆಳಗೆ ಕಾಲು ಚಾಚಿಕೊಂಡು ಹೀಗೇ ಹೆಸರು ಬರೆಯುತ್ತಿದ್ದೆವು. ಸ್ಲೇಟೂ ಬೇಡ, ಬಳಪವೂ ಬೇಡ. ಕಲಬುರಗಿ, ಬೀದರ, ಯಾದಗಿರಿ ಕಡೆ ಬೆಳೆದು ಈ ಆಟ ಆಡಿಲ್ಲ ಅಂದರೆ ನಾನು ನಂಬುವುದಿಲ್ಲ.

ದಸರಾದಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುತ್ತೇವೆ. ಸರಿಯಾಗಿ ಅದಾದ ಮೇಲೆಯೇ ಮೈ ಬೂದಿ ಬಳಿದಂತೆ ಆಗತೊಡಗುತ್ತದೆ. ಆಗ ಎಲ್ಲರೂ ಕ್ರೀಮ್ ಹುಡುಕಿಕೊಂಡು ಅಂಗಡಿಗೆ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ. ಆದರೆ ಕೆಡುವುದು ಬಚ್ಚಲಲ್ಲಿ, ಸರಿಯಾಗಬೇಕಾದ್ದೂ ಬಚ್ಚಲಲ್ಲೇ. ಇವತ್ತಿನ ವಿಡಿಯೋದಲ್ಲಿ ಜಾಸ್ತಿ ಹೊತ್ತು ಅಲ್ಲೇ ಇರುತ್ತೇವೆ, ತಯಾರಾಗಿ.

ಮೊದಲು ಗಾಳಿಯ ವಿಷಯ. ಅಕ್ಟೋಬರ್‌ನಲ್ಲಿ ಮಳೆಗಾಲ ಹಿಂದೆ ಸರಿದ ಮೇಲೆ ನಮ್ಮ ಕಡೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ. ನೆಲದ ಮೇಲೆಯೇ ಬಹಳ ದೂರ ಹಾದು ಬರುವ ಒಣ ಗಾಳಿ ಅದು. ಒಗೆದು ಹಾಕಿದ ಲುಂಗಿ ಎರಡು ತಾಸಿನಲ್ಲಿ ಒಣಗಿ ಕಡಕ್ ಆಗಿರುತ್ತದೆ ಅಲ್ವಾ? ಅದೇ ಗಾಳಿ ನಮ್ಮ ಮೈಯ ನೀರನ್ನೂ ಹಾಗೇ ಎಳೆದುಕೊಳ್ಳುತ್ತದೆ. ಬೀದರಿನವರಿಗೆ ಇನ್ನೂ ಸ್ವಲ್ಪ ಜಾಸ್ತಿ ಕಾಟ. ಆ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಚಳಿ ನಮ್ಮ ಕಲಬುರಗಿಗಿಂತ ಗಟ್ಟಿ.

[ದೃಶ್ಯ: ಮನೆಯ ಶಹಾಬಾದ್ ಫರಸಿ ನೆಲ, ಕಲ್ಲುಗಳ ನಡುವಿನ ಸಂದು]

ಚರ್ಮ ಹೇಗಿದೆ ಅಂತ ತಿಳಿಯಲು ಮನೆಯ ಫರಸಿ ನೋಡಿದರೆ ಸಾಕು. ಕಲ್ಲುಗಳನ್ನು ಜೋಡಿಸಿ ನಡುವಿನ ಸಂದಿಗೆ ಸಿಮೆಂಟ್ ತುಂಬಿರುತ್ತಾರೆ. ಚರ್ಮದ ತೀರಾ ಮೇಲಿನ ಪದರವೂ ಹಾಗೇ. ಸತ್ತ ಕೋಶಗಳು ಕಲ್ಲು, ಅವುಗಳ ನಡುವಿನ ಕೊಬ್ಬು ಸಿಮೆಂಟ್. ಅಂಗೈ, ಅಂಗಾಲು ಬಿಟ್ಟರೆ ಮೈಯ ಹೆಚ್ಚಿನ ಕಡೆ ಈ ಪದರ ಕಾಗದಕ್ಕಿಂತ ತೆಳು. ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಇದೇ. ಸಂದಿನ ಸಿಮೆಂಟ್ ಕಿತ್ತು ಹೋದರೆ ಕಲ್ಲು ಅಲುಗಾಡುತ್ತವೆ, ಅಂಚು ಏಳುತ್ತದೆ. ಎದ್ದ ಅಂಚಿನ ಮೇಲೆ ಉಗುರು ಎಳೆದಾಗ ಬರುವುದೇ ಆ ಬಿಳಿ ಗೆರೆ. ಮೊದಲು ಕಾಲಲ್ಲೇ ಯಾಕೆ ಅಂದರೆ, ಮೊಣಕಾಲಿನ ಕೆಳಗೆ ಎಣ್ಣೆ ಗ್ರಂಥಿಗಳು ಕಡಿಮೆ. ಅಂಗಾಲಿನಲ್ಲಂತೂ ಇಲ್ಲವೇ ಇಲ್ಲ.

ಈಗ ಬಚ್ಚಲಿಗೆ ಬನ್ನಿ.

ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಬೆಳಗಿನ ಜಾವ 15-16 ಡಿಗ್ರಿ ಇರುತ್ತದೆ, ಮಧ್ಯಾಹ್ನ 30ರ ಹತ್ತಿರ. ಕಾಶ್ಮೀರದವರು ಕೇಳಿದರೆ ನಗಬಹುದು. ಆದರೆ ಮೇ ತಿಂಗಳಲ್ಲಿ 42 ಡಿಗ್ರಿ ತಿಂದ ಮೈ ನಮ್ಮದು, ನಮಗೆ ಅದೇ ದೊಡ್ಡ ಚಳಿ. ಹಾಗಾಗಿ ಬಕೆಟ್‌ನಲ್ಲಿ ಹೀಟರ್ ರಾಡ್ ಇಳಿಬಿಟ್ಟು, ಮುಟ್ಟಿದರೆ ಕೈ ಹಿಂದೆ ತೆಗೆಯುವಷ್ಟು ಕಾಯಿಸಿ, ಆ ನೀರಲ್ಲಿ ಅರ್ಧ ತಾಸು ಸ್ನಾನ ಮಾಡುತ್ತೇವೆ, ಮೈಯೆಲ್ಲ ಕೆಂಪಾದ ಮೇಲೆ "ಈಗ ಹಾಯ್ ಅನಿಸಿತು" ಅನ್ನುತ್ತೇವೆ. ಜಿಡ್ಡಿನ ಪಾತ್ರೆಗೆ ಬಿಸಿನೀರು ಯಾಕೆ ಹಾಕುತ್ತೀರಿ? ಜಿಡ್ಡು ಬಿಡಲಿ ಅಂತ ತಾನೇ? ಮೈ ಮೇಲೂ ಆಗುವುದು ಅದೇ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಅಷ್ಟೇ ಸಾಕು. ಕಷ್ಟ ಅಂತ ಗೊತ್ತು. ನನಗೂ ಎರಡು ವಾರ ಹಿಡಿಯಿತು.

ಆಮೇಲೆ ಸೋಪು. ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ 5ರ ಆಸುಪಾಸು. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ದಿನಾ ತಲೆಯಿಂದ ಕಾಲಿನವರೆಗೆ ಉಜ್ಜಿದರೆ ಸಿಮೆಂಟ್ ಉಳಿಯುವುದು ಹೇಗೆ? ಕಂಕುಳು, ತೊಡೆಸಂದು, ಪಾದ, ಇವಕ್ಕೆ ಸೋಪು ಬೇಕು. ಕೈಕಾಲಿಗೆ ಚಳಿಗಾಲದಲ್ಲಿ ದಿನಾ ಬೇಡ. ಸೋಪಿನ ಕವರ್ ಮೇಲೆ ಟಿಎಫ್‌ಎಂ ಅಂತ ಬರೆದಿರುತ್ತಾರೆ, 76 ಇದ್ದರೆ ಗ್ರೇಡ್ ಒಂದು. ಅದು ಸೋಪಿನಲ್ಲಿ ಕೊಬ್ಬಿನಂಶ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು ಮೈಗೆ ಎಷ್ಟು ಮೃದು ಅಂತಲ್ಲ. ಆ ನಂಬರ್ ನೋಡಿ ಮೋಸ ಹೋಗಬೇಡಿ. ನಮ್ಮ ಬೋರ್‌ವೆಲ್ ನೀರಿನದು ಇನ್ನೊಂದು ಗೋಳು. ಬಕೆಟ್ ಅಂಚಿಗೆ ಬಿಳಿ ಕರೆ ಕಟ್ಟಿರುತ್ತದಲ್ಲ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಗಡಸು ನೀರಲ್ಲಿ ಸೋಪು ನೊರೆ ಬರುವುದಿಲ್ಲ, ಅಂತ ಇನ್ನೂ ನಾಲ್ಕು ಸಲ ತಿಕ್ಕುತ್ತೇವೆ, ನೀರಿನ ಸುಣ್ಣದ ಜೊತೆ ಸೋಪು ಸೇರಿ ಕರಗದ ಅಂಟು ಆಗಿ ಮೈ ಮೇಲೆ ಕೂರುತ್ತದೆ, ತುರಿಕೆ ಶುರು.

[ದೃಶ್ಯ: ಕಿಟಕಿ ಬಿಸಿಲಲ್ಲಿ ಕೊಬ್ಬರಿ ಎಣ್ಣೆ ಬಾಟಲಿ, ಒಳಗೆ ಎಣ್ಣೆ ಗಟ್ಟಿ]

ಸ್ನಾನ ಮುಗಿಯಿತು. ಇನ್ನು ಮೂರು ನಿಮಿಷ ಬಹಳ ಮುಖ್ಯ. ಟವೆಲ್‌ನಿಂದ ಉಜ್ಜಬೇಡಿ, ಒತ್ತಿ. ಮೈ ಇನ್ನೂ ಹಸಿಹಸಿ ಇರುವಾಗಲೇ, ಬಚ್ಚಲಿಂದ ಹೊರಗೆ ಬರುವ ಮುಂಚೆಯೇ ಹಚ್ಚಿ. ಕ್ರೀಮ್ ಆಗಲಿ ಎಣ್ಣೆ ಆಗಲಿ, ಅದರ ದೊಡ್ಡ ಕೆಲಸ ಇರುವ ನೀರಿಗೆ ಮುಚ್ಚಳ ಹಾಕುವುದು. ಬಟ್ಟೆ ಹಾಕಿ, ಚಹಾ ಕುಡಿದು, ಫೋನ್ ನೋಡಿ, ಆಮೇಲೆ ಹಚ್ಚಿದರೆ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಂತೆ. ನಾನು ವರ್ಷಗಟ್ಟಲೆ ಮಾಡಿದ ತಪ್ಪು ಇದೇ, ರಾತ್ರಿ ಮಲಗುವಾಗ ಒಣ ಕಾಲಿಗೆ ದುಬಾರಿ ಲೋಷನ್ ಬಳಿದು ಬೆಳಿಗ್ಗೆ ಬೈದುಕೊಳ್ಳುವುದು.

ಯಾವುದು ಹಚ್ಚಬೇಕು? ಕೊಬ್ಬರಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಒಂದೇ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಿನ ಬಕೆಟ್‌ನಲ್ಲಿ ತೇಲಿಬಿಡುತ್ತೇವೆ. ಮರೆತರೆ ಬಾಟಲಿ ಒಳಗೆ ಚಮಚದ ಹಿಡಿಕೆ ತೂರಿಸಿ ಕೆರೆಯಬೇಕು, ಅದು ಬೇರೆ ಜಗಳ.

ನನಗೆ ಇಷ್ಟ ಕುಸುಬಿ ಎಣ್ಣೆ. ಬಿಳಿಜೋಳದ ಜೊತೆ ಹಿಂಗಾರಿಯಲ್ಲಿ ನಮ್ಮ ಕಪ್ಪು ನೆಲದಲ್ಲೇ ಬೆಳೆಯುವ ಬೆಳೆ, ಮುಳ್ಳು ಮುಳ್ಳು ಗಿಡ, ಹಳದಿ-ಕೇಸರಿ ಹೂವು. ಮಾಮೂಲಿ ತಳಿಯ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಚರ್ಮ ತನ್ನ ಸಂದಿನ ಸಿಮೆಂಟ್ ಮಾಡಿಕೊಳ್ಳಲು ಬಳಸುವ ಕೊಬ್ಬು ಅದು. ಆಲಿವ್ ಎಣ್ಣೆಯಲ್ಲಿ ಜಾಸ್ತಿ ಇರುವುದು ಓಲಿಕ್ ಆಮ್ಲ, ಅದು ಆ ಪದರವನ್ನು ಸಡಿಲ ಮಾಡುತ್ತದೆ. ಹಾಗಾಗಿ ಕೂಸಿಗೆ ಅಂತ ಸಾವಿರ ರೂಪಾಯಿ ಕೊಟ್ಟು ಆಲಿವ್ ತರಬೇಡಿ. ನಮ್ಮಾಯಿ ನರಕ ಚತುರ್ದಶಿ ದಿನ ನಸುಕಿನಲ್ಲಿ ಎಬ್ಬಿಸಿ, ಕಣ್ಣು ಬಿಡುವ ಮುಂಚೆಯೇ ನೆತ್ತಿಯಿಂದ ಹಿಮ್ಮಡಿವರೆಗೆ ಎಣ್ಣೆ ತಿಕ್ಕುತ್ತಿದ್ದಳು. ಸ್ನಾನಕ್ಕೆ ಮುಂಚೆ ಎಣ್ಣೆ ಇದ್ದರೆ ಸೋಪು ಮೊದಲು ಅದನ್ನು ತಿನ್ನುತ್ತದೆ, ನಿಮ್ಮ ಚರ್ಮದ ಕೊಬ್ಬನ್ನಲ್ಲ. ವರ್ಷಕ್ಕೊಮ್ಮೆ ಯಾಕೆ, ಚಳಿಗಾಲ ಮುಗಿಯುವವರೆಗೆ ವಾರಕ್ಕೆರಡು ಸಲ ಮಾಡಿ. ಆದರೆ ಆಮೇಲೆ ಕಡ್ಲಿ ಹಿಟ್ಟು ಹಾಕಿ ಕಿರ್ ಕಿರ್ ಅನ್ನುವವರೆಗೆ ಉಜ್ಜಿದರೆ ಮಾಡಿದ್ದೆಲ್ಲ ಹೋಯಿತು.

ಗ್ಲಿಸರಿನ್ ಕೇಳುತ್ತೀರಿ ಅಂತ ಗೊತ್ತು. ಬರೀ ಗ್ಲಿಸರಿನ್ ಒಣ ಗಾಳಿಯಲ್ಲಿ ಕೈಕೊಡುತ್ತದೆ. ನೀರು ಸೇರಿಸಿ ಹಚ್ಚಿ, ಮೇಲೊಂದು ಪದರ ಪೆಟ್ರೋಲಿಯಂ ಜೆಲ್ಲಿ ಸವರಿ.

ಹಿಮ್ಮಡಿ ಒಡೆದವರಿಗೆ ಯೂರಿಯಾ ಕ್ರೀಮ್. ನಗಬೇಡಿ, ತೊಗರಿಗೂ ಜೋಳಕ್ಕೂ ಹಾಕುವ ಅದೇ ಯೂರಿಯಾ. ನಮ್ಮ ಚರ್ಮದಲ್ಲೂ ಅದು ಸ್ವಲ್ಪ ಇರುತ್ತದೆ, ನೀರು ಹಿಡಿದಿಡುತ್ತದೆ. ಶೇಕಡಾ 10ರಿಂದ 20 ಇರುವ ಕ್ರೀಮ್ ದಪ್ಪ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಹಾಗಂತ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ ಮತ್ತೆ, ಯಾರಾದರೂ ಹಾಕಿಯೇ ಹಾಕುತ್ತಾರೆ ಅಂತ ಹೇಳುತ್ತಿದ್ದೇನೆ. ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಂಡು ಮಲಗಿ. ಸಕ್ಕರೆ ಕಾಯಿಲೆ ಇದ್ದವರು ಬಿರುಕನ್ನು ಬ್ಲೇಡಿನಿಂದ ಕೆರೆಯಲೇಬಾರದು. ಬಿರುಕು ಆಳವಾಗಿದ್ದರೆ ನೇರ ಡಾಕ್ಟರ್ ಹತ್ತಿರ.

"ನೀರು ಜಾಸ್ತಿ ಕುಡಿ, ಮೈ ಒಡೆಯುವುದಿಲ್ಲ" ಅನ್ನುತ್ತಾರಲ್ಲ, ಬಾಯಾರಿಕೆಗೆ ಕುಡಿಯಿರಿ, ಒಳ್ಳೆಯದು. ಆದರೆ ನಾಲ್ಕು ಲೀಟರ್ ಕುಡಿದರೂ ಫರಸಿಯ ಸಂದು ತುಂಬುವುದಿಲ್ಲ.

[ಕ್ಯಾಮೆರಾ ಮುಖಕ್ಕೆ ಹತ್ತಿರ]

ಈಗ ಸಿಟ್ಟು ಬರುವ ವಿಷಯ. ದೀಪಾವಳಿ ಆಗಿ ತುಳಸಿ ಲಗ್ನ ಮುಗಿದರೆ ನಮ್ಮಲ್ಲಿ ಮದುವೆ ಸೀಸನ್. ನಮ್ಮ ಕಾಕಾನ ಮಗಳು ತನ್ನ ಲಗ್ನಕ್ಕೆ ಮುಂಚೆ ಒಂದು ಮೆಡಿಕಲ್ ಶಾಪ್‌ನಿಂದ ಚೀಟಿ ಇಲ್ಲದೆ ಒಂದು ಟ್ಯೂಬ್ ತಂದಳು. ಹತ್ತು ದಿನದಲ್ಲಿ ಮುಖ ಲಕಲಕ. ಎಲ್ಲರೂ ಹೆಸರು ಕೇಳಿ ಬರೆದುಕೊಂಡರು. ಎರಡು ತಿಂಗಳಾದ ಮೇಲೆ ಬಿಸಿಲಿಗೆ ಹೋದರೆ ಉರಿ, ಗಲ್ಲದ ಮೇಲೆ ಮೊಡವೆ, ಸಣ್ಣ ಸಣ್ಣ ಕೂದಲು. ಬಿಟ್ಟರೆ ಇನ್ನೂ ಕೆಂಪು. ಅದರಲ್ಲಿ ಇದ್ದದ್ದು ಸ್ಟಿರಾಯ್ಡ್. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಈ ಹೆಸರು ಕಂಡರೆ ಡಾಕ್ಟರ್ ಬರೆಯದೆ ಮುಖಕ್ಕೆ ಮುಟ್ಟಿಸಬೇಡಿ. ಗಜಕರ್ಣಕ್ಕೂ ಇದನ್ನೇ ಹಚ್ಚುತ್ತಾರೆ. ಎರಡು ದಿನ ತುರಿಕೆ ನಿಲ್ಲುತ್ತದೆ, ಒಳಗೊಳಗೆ ಹಬ್ಬುತ್ತದೆ.

ಇನ್ನೊಂದು ಗೊಂದಲ. ಮೈ ಒಣಗಿ ತುರಿಸುವುದು ಬೇರೆ, ಕಜ್ಜಿ ಬೇರೆ. ರಾತ್ರಿ ಹಾಸಿಗೆಗೆ ಹೋದ ಮೇಲೆ ತುರಿಕೆ ಜಾಸ್ತಿ, ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ಗುಳ್ಳೆ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಇದ್ದರೆ ಅದು ಹುಳದ ಕೆಲಸ. ಎಣ್ಣೆಗೆ ಹೋಗುವುದಿಲ್ಲ. ತುರಿಕೆ ಇಲ್ಲದವರೂ ಸೇರಿ ಇಡೀ ಮನೆಯವರು ಒಂದೇ ದಿನ ಔಷಧಿ ಹಚ್ಚಬೇಕಾಗುತ್ತದೆ.

ಪಟಾಕಿ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, ಐಸ್ ಬೇಡ, ಇಂಕ್ ಬೇಡ. ಹರಿಯುವ ತಣ್ಣೀರು, 20 ನಿಮಿಷ. ನಮ್ಮ ಓಣಿಯಲ್ಲಿ ನಲ್ಲಿ ಬರುವುದೇ ಅಪರೂಪ ಅನ್ನುವವರು ತಂಬಿಗೆಯಿಂದ ಸುರಿಯುತ್ತಲೇ ಇರಿ. ಗುಳ್ಳೆ ಒಡೆಯಬೇಡಿ.

[ದೃಶ್ಯ: ಹೊಲ, ಜೋಳದ ದಂಟಿನ ಗುಡಿಸಲು, ಬುತ್ತಿ]

ಕೊನೆಗೆ ಎಳ್ಳ ಅಮಾವಾಸ್ಯೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಹೊಡೆದು ಸಂಜೆವರೆಗೆ ಅಲ್ಲೇ. ಗಾಳಿ ತಣ್ಣಗಿರುತ್ತದೆ, ಬಿಸಿಲು ಗೊತ್ತೇ ಆಗುವುದಿಲ್ಲ. ಆದರೆ ಡಿಸೆಂಬರ್ ಮಧ್ಯಾಹ್ನವೂ ಕಲಬುರಗಿಯಲ್ಲಿ ಸೂರ್ಯ ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ, ಸುಡುವ ಕಿರಣ ರಜೆ ಹಾಕಿರುವುದಿಲ್ಲ. ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್, ಎರಡು ಬೆರಳುದ್ದ, ಮುಖಕ್ಕೂ ಕುತ್ತಿಗೆಗೂ. ಎರಡು ತಾಸಿಗೊಮ್ಮೆ ಮತ್ತೆ. ಊಟದಲ್ಲಿ ನಿಂಬೆಹಣ್ಣು ಹಿಂಡಿದ ಕೈ ತೊಳೆದೇ ಬಿಸಿಲಿಗೆ ಹೋಗಿ, ಆ ರಸ ಬಿಸಿಲಿಗೆ ಸೇರಿದರೆ ಕೆಲವರಿಗೆ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ.

ಹೋದ ವರ್ಷ ನಾನು ಬದುವಿನ ಮೇಲೆ ಕೂತು ಸನ್‌ಸ್ಕ್ರೀನ್ ಹಚ್ಚುತ್ತಿದ್ದೆ. ಆಯಿ ಎರಡು ನಿಮಿಷ ಸುಮ್ಮನೆ ನೋಡಿದಳು. "ಯವ್ವಾ, ಮಾರಿಗಿ ಸುಣ್ಣಾ ಬಳದಂಗ ಆಗ್ಯಾದಲ್ಲ" ಅಂದಳು. ಆಮೇಲೆ ತನ್ನ ಸೀರೆ ಸೆರಗನ್ನು ತಲೆ ತುಂಬ ಹೊದ್ದು, ನೆರಳಿಗೆ ಹೋಗಿ ಕೂತಳು. ಅವಳ ಸನ್‌ಸ್ಕ್ರೀನ್ ಅದೇ, ಎರಡು ತಾಸಿಗೊಮ್ಮೆ ಹಚ್ಚುವ ಗೋಳೂ ಇಲ್ಲ.