ಶಾಸಕರ ಕೈಗೆ ಯಾವ ಕಾಗದ ಕೊಡಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಹೊಲದಿಂದ ಬಂದು ಈಗಷ್ಟೇ ಕಟ್ಟೆಗೆ ಕೂತಿರುವ ರೈತರು, ಸಂಘದ ಅಕ್ಕಂದಿರು, ಗ್ರಾಮ ಪಂಚಾಯಿತಿಗೆ ಹೊಸದಾಗಿ ಆರಿಸಿ ಬಂದವರು, ನಿಮ್ಮನ್ನೇ ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ಶಾಸಕರ ಕೆಲಸ ಏನು, ಊರಿನ ಕೆಲಸವನ್ನು ಅವರಿಂದ ಮಾಡಿಸಿಕೊಳ್ಳೋದು ಹೇಗೆ, ಇದೇ ಇವತ್ತಿನ ವಿಷಯ.

ಹೇಳಬೇಕಾದ ಮಾತು ಒಂದೇ. ಶಾಸಕರ ಕೈಯಲ್ಲಿರುವ ದೊಡ್ಡ ಅಧಿಕಾರ ಅಂದರೆ ಸದನದಲ್ಲಿ ಕೇಳುವ ಪ್ರಶ್ನೆ. ಆ ಪ್ರಶ್ನೆಗೆ ಬೇಕಾದ ಕಾಗದ ಒದಗಿಸೋದು ಊರಿನವರ ಕೆಲಸ.

ಹೌದಲ್ಲ, ಶಾಸಕರ ಅನುದಾನ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಶಾಸಕರ ಕೈಗೆ ಬರೋದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಮಂಜೂರು ಮಾಡೋದು ಜಿಲ್ಲಾಧಿಕಾರಿ. ಕ್ಷೇತ್ರದಲ್ಲಿ ನೂರು ಹಳ್ಳಿ ಇದ್ದರೆ ತಲಾ 2 ಲಕ್ಷ. ಒಂದು ಓಣಿಗೆ ಕಾಂಕ್ರೀಟ್ ಹಾಕಿದರೆ ಮುಗಿಯಿತು. ಸೇತುವೆ, ಕಾಲುವೆ, ಆಸ್ಪತ್ರೆ, ಶಾಲಾ ಕಟ್ಟಡ ಎಲ್ಲ ಇಲಾಖೆಗಳ ಬಜೆಟ್‌ನಿಂದ ಬರಬೇಕು. ಇಲಾಖೆಯನ್ನು ಅಲುಗಾಡಿಸೋದು ಪ್ರಶ್ನೆ.

ಹೇಗೆ ಅಂತ ಒಂದು ಉದಾಹರಣೆ ಹಿಡಿದು ಹೇಳುತ್ತೇನೆ, ಸ್ವಲ್ಪ ಸಾವಕಾಶವಾಗಿ ಕೇಳ್ರಿ. ಡೋಣಿ ದಂಡೆಯ ಒಂದು ಊರು ಅಂತ ಇಟ್ಟುಕೊಳ್ಳೋಣ. ಮಹಾರಾಷ್ಟ್ರದ ಜತ್ ಕಡೆ ಹುಟ್ಟಿ ವಿಜಯಪುರ ಜಿಲ್ಲೆ ದಾಟಿ ಕೃಷ್ಣೆಗೆ ಕೂಡುವ ಈ ಹೊಳೆಯ ಸ್ವಭಾವ ನಿಮಗೇ ಗೊತ್ತು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಅಂತ ಹಿರಿಯರು ಹೇಳಿದ್ದು ಎರೆಮಣ್ಣಿನ ಗುಣ ನೋಡಿ. ಈಗ ಪಾತ್ರದ ತುಂಬ ಹೂಳು, ಜಾಲಿಕಂಟಿ. ದೊಡ್ಡ ಮಳೆಯಾದರೆ ನೀರು ಪಾತ್ರದಲ್ಲಿ ನಿಲ್ಲದೆ ಹೊಲಕ್ಕೆ ನುಗ್ಗುತ್ತದೆ, ನೆಲಮಟ್ಟದ ಸೇತುವೆ ಮುಳುಗುತ್ತದೆ. ಆಚೆ ದಂಡೆಯ ಹೈಸ್ಕೂಲಿಗೆ ಹೋಗುವ ಮಕ್ಕಳು ಮನೆಯಲ್ಲಿ, ಬಸ್ಸು ಆಚೆ ಕಡೆ.

ಊರಿನವರು ಏನು ಮಾಡುತ್ತಾರೆ? ಇನ್ನೂರು ಸಹಿ ಹಾಕಿಸಿ, ಜೀಪು ಮಾಡಿಕೊಂಡು ಹೋಗಿ, 'ನಮ್ಮೂರಿಗೆ ಸೇತುವೆ ಮಾಡಿಸಿಕೊಡಬೇಕು' ಅಂತ ಅರ್ಜಿ ಕೊಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಶಾಸಕರು ಮೇಲೆ 'ಪರಿಶೀಲಿಸಿ ಕ್ರಮ ಕೈಗೊಳ್ಳಿ' ಅಂತ ಬರೆದು ಕಳಿಸುತ್ತಾರೆ. ಲೋಕೋಪಯೋಗಿ ಇಲಾಖೆಗೆ ಹೋದರೆ 'ಈ ರಸ್ತೆ ನಮ್ಮದಲ್ಲ' ಅಂತ ವಾಪಸ್. ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಗೆ ಹೋದರೆ 'ಅನುದಾನ ಲಭ್ಯವಿಲ್ಲ'. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಅರ್ಜಿ, ಅದೇ ಇನ್ನೂರು ಸಹಿ. ಸಹಿ ಇನ್ನೂರಿದ್ದರೂ ಎರಡು ಸಾವಿರವಿದ್ದರೂ ಆ ಕಾಗದದಲ್ಲಿ ಎಂಜಿನಿಯರು ಉತ್ತರ ಕೊಡಲೇಬೇಕಾದ ಒಂದು ಸಾಲೂ ಇಲ್ಲ.

ಮಾಡಬೇಕಾದ್ದು ಇದು. ಮೊದಲು ರಸ್ತೆ ಯಾರದು ಅಂತ ತಿಳಿಯಬೇಕು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ. ಗ್ರಾಮೀಣ ರಸ್ತೆ ಆದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್. ತಾಲ್ಲೂಕಿನ ಉಪವಿಭಾಗದ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಆಮೇಲೆ ಗ್ರಾಮಸಭೆಯಲ್ಲಿ ಠರಾವು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಆಗಬೇಕು. ಕೈ ಎತ್ತಿ ಬಂದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಠರಾವಿನ ಸಂಖ್ಯೆ, ತಾರೀಖು ಬರೆಸಿ, ಪಿಡಿಓ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅವರ ಸಹಿ, ಸಿಕ್ಕಾ ಇರುವ ದೃಢೀಕೃತ ಪ್ರತಿ ತೆಗೆದುಕೊಳ್ಳಬೇಕು.

ಆ ಠರಾವಿಗೆ ಲೆಕ್ಕ ಜೋಡಿಸಬೇಕು. ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಸೇತುವೆ ಮುಳುಗಿತು? ಬಸ್ ಡಿಪೋದಲ್ಲಿ ಮಾರ್ಗ ರದ್ದಾದ ದಿನಗಳ ದಾಖಲೆ ಇರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಗೈರು ಇರುತ್ತದೆ. ಇವೆರಡನ್ನೂ ಬರವಣಿಗೆಯಲ್ಲಿ ಪಡೆಯಿರಿ. ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ: ಸೇತುವೆಯ ಎರಡೂ ಬದಿಯ ಕೂಡು ರಸ್ತೆಗೆ ಯಾರ ಹೊಲ ಹೋಗುತ್ತದೆ, ಸರ್ವೆ ನಂಬರು ಎಷ್ಟು, ಹೊಲದ ಮಾಲೀಕರ ಒಪ್ಪಿಗೆ ಇದೆಯೋ ಇಲ್ಲವೋ, ಅದೂ ಠರಾವಿನಲ್ಲಿ ಬರಬೇಕು. ಕಂಬ ಎದ್ದು ನಿಂತು, ಕೂಡು ರಸ್ತೆಗೆ ಜಾಗ ಸಿಗದೆ ಸೇತುವೆ ಗಾಳಿಯಲ್ಲಿ ನಿಂತುಬಿಡೋದು ಈ ಕಾರಣಕ್ಕೇ.

ಈಗ ಶಾಸಕರ ಹತ್ತಿರ ಹೋಗಿ. 'ಸಾಹೇಬ್ರೇ, ಸೇತುವೆ ಕೊಡ್ರಿ' ಅನ್ನಬೇಡಿ. 'ಸಾಹೇಬ್ರೇ, ಈ ಅಧಿವೇಶನದಲ್ಲಿ ಇದರ ಮೇಲೆ ಒಂದು ಪ್ರಶ್ನೆ ಹಾಕ್ರಿ, ಕಾಗದ ಎಲ್ಲಾ ತಂದೀವಿ' ಅನ್ನಿ. ವಿಧಾನಸಭೆಯ ಪ್ರಶ್ನೆಗೆ ಒಂದು ನಮೂನೆ ಇದೆ. (ಅ) ಇಂಥ ಗ್ರಾಮದ ಸೇತುವೆ ಪ್ರತಿ ವರ್ಷ ಮುಳುಗಡೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕಳೆದ ಮೂರು ವರ್ಷಗಳಲ್ಲಿ ಎಷ್ಟು ದಿನ ಸಂಚಾರ ಬಂದ್ ಆಗಿತ್ತು? (ಇ) ಅಂದಾಜು ಪಟ್ಟಿ ತಯಾರಾಗಿದೆಯೇ, ಮೊತ್ತ ಎಷ್ಟು? (ಈ) ಆಡಳಿತಾತ್ಮಕ ಅನುಮೋದನೆ ಯಾವ ಹಂತದಲ್ಲಿದೆ, ಕಾಮಗಾರಿ ಯಾವಾಗ ಶುರುವಾಗುತ್ತದೆ?

ಈ ನಾಲ್ಕು ಸಾಲು ಏನು ಮಾಡುತ್ತವೆ ನೋಡ್ರಿ. ವಿಧಾನಸಭೆ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಮುಖ್ಯ ಎಂಜಿನಿಯರಿಗೆ, ಕಾರ್ಯಪಾಲಕ ಎಂಜಿನಿಯರಿಗೆ, ಕೊನೆಗೆ ನಿಮ್ಮ ತಾಲ್ಲೂಕಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ ಮೇಜಿಗೆ ಬರುತ್ತವೆ. ಅರ್ಜಿಯನ್ನು ಕಡತದಲ್ಲಿ ಮಲಗಿಸಬಹುದು, ಸದನದ ಪ್ರಶ್ನೆಯನ್ನು ಮಲಗಿಸೋಕೆ ಬರೋದಿಲ್ಲ. ಮಂತ್ರಿಗಳ ಹೆಸರಿನಲ್ಲಿ ಉತ್ತರ ಹೋಗಬೇಕು. ಅಂದಾಜು ಪಟ್ಟಿ ತಯಾರಾಗಿಲ್ಲ ಅಂತ ಬರೆದುಕೊಡೋಕೆ ಯಾವ ಎಂಜಿನಿಯರಿಗೂ ಮನಸ್ಸಾಗೋದಿಲ್ಲ. ಅಳತೆ ಪಟ್ಟಿ ಹಿಡಿದು ಹೊಳೆಗೆ ಇಳಿಯುತ್ತಾರೆ.

ಉತ್ತರ ಬಂದಮೇಲೆ ಅದನ್ನು ಓದಬೇಕು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಇರುತ್ತದೆ, ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತದೆ. 'ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು' ಅಂತಿದ್ದರೆ ಕೆಲಸ ಆಗಿಲ್ಲ ಅಂತಲೇ ಅರ್ಥ, ಮುಂದಿನ ಅಧಿವೇಶನಕ್ಕೆ ಮತ್ತೊಂದು ಪ್ರಶ್ನೆ ಬೇಕು. ಮೊತ್ತ ಬರೆದಿದ್ದರೆ ಅರ್ಧ ದಾರಿ ಬಂದಿರಿ. ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ. ಒಂದೊಂದು ಹಂತಕ್ಕೂ ತಾರೀಖು ಕೇಳುತ್ತಿರಬೇಕು.

ಸೇತುವೆಯ ಮಾತಿನಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಸದನದ ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರ ಕೊಡುತ್ತಾರೆ, ಶಾಸಕರು ಎದ್ದು ನಿಂತು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಊರಿನ ಕೆಲಸಕ್ಕೆ ಲಿಖಿತ ಉತ್ತರವೇ ಹೆಚ್ಚು ಉಪಯೋಗ, ಅಂಕಿಸಂಖ್ಯೆ ಪೂರ್ತಿ ಸಿಗುತ್ತದೆ. ತುರ್ತು ವಿಷಯವಾದರೆ ನಿಯಮ 73ರಡಿ ಗಮನ ಸೆಳೆಯುವ ಸೂಚನೆ ಇದೆ. ಮಂತ್ರಿಗಳು ಸದನದಲ್ಲಿ 'ಮಾಡಿಸುತ್ತೇನೆ' ಅಂದ ಮಾತು ಹಾಗೇ ಹಾರಿಹೋಗೋದಿಲ್ಲ, ಸರ್ಕಾರಿ ಭರವಸೆಗಳ ಸಮಿತಿ ಅದನ್ನು ಬೆನ್ನುಹತ್ತುತ್ತದೆ.

ಮೂರು ತಿಂಗಳಿಗೊಮ್ಮೆ ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ ಕೆಡಿಪಿ ಸಭೆ, ಅಂದರೆ ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆ ನಡೆಯುತ್ತದೆ, ಎಲ್ಲ ಇಲಾಖೆಯ ತಾಲ್ಲೂಕು ಅಧಿಕಾರಿಗಳು ಅಲ್ಲಿರುತ್ತಾರೆ. ಕೊಳವೆಬಾವಿಯ ಮೋಟಾರು, ಅಂಗನವಾಡಿಯ ಚಾವಣಿ, ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟದ್ದು, ಇಂಥ ಸಣ್ಣ ಕೆಲಸಕ್ಕೆ ಸದನ ಬೇಡ. ಸಭೆಗೆ ಒಂದು ವಾರ ಮೊದಲು ಶಾಸಕರ ಆಪ್ತ ಸಹಾಯಕರಿಗೆ ಒಂದೇ ಹಾಳೆಯಲ್ಲಿ ಬರೆದುಕೊಡಿ. ಐದು ಹಾಳೆ ಬರೆದರೆ ಯಾರೂ ಓದೋದಿಲ್ಲ. ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಸಾಗುವಳಿ ಮಾಡಿದ್ದರ ಅರ್ಜಿ ಇದ್ದವರು ಅದನ್ನು ಈ ಸಭೆಗೆ ತರಬೇಡಿ, ಅದಕ್ಕೆ ಬೇರೆ ಸಮಿತಿ ಇದೆ, ಕಾಗದ ತಹಶೀಲ್ದಾರರ ಕಚೇರಿಯಲ್ಲಿರುತ್ತದೆ.

ಇನ್ನು ವೇಳೆ. ಪ್ರಶ್ನೆಗಳನ್ನು ಸದನ ಶುರುವಾಗುವುದಕ್ಕೆ ಸುಮಾರು ಎರಡು ವಾರ ಮೊದಲೇ ಕೊಡಬೇಕು. ಅಧಿವೇಶನ ನಡೆಯುವಾಗ ಬೆಳಗಾವಿಯ ಸುವರ್ಣ ವಿಧಾನಸೌಧದ ಮುಂದೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದರೆ ಸುದ್ದಿಯಾಗಬಹುದು, ಪ್ರಶ್ನೆಯ ಪಟ್ಟಿ ಅಷ್ಟೊತ್ತಿಗೆ ಮುಚ್ಚಿರುತ್ತದೆ. 2012ರಲ್ಲಿ ಉದ್ಘಾಟನೆಯಾದ ಆ ಕಟ್ಟಡ ಕಟ್ಟಿದ್ದು ಈ ಭಾಗದ ಜನರ ಮಾತು ಹತ್ತಿರದಲ್ಲೇ ಕೇಳಲಿ ಅಂತ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಹಾಗಾದರೆ ಗ್ರಾಮಸಭೆಯ ಠರಾವು ಅಕ್ಟೋಬರಿನಲ್ಲಿ ಆಗಬೇಕು, ಡಿಪೋ, ಶಾಲೆಯ ಲೆಕ್ಕ ದೀಪಾವಳಿ ಹೊತ್ತಿಗೆ ಕೈಗೆ ಬರಬೇಕು, ನವೆಂಬರ್ ಮೊದಲ ಅರ್ಧದಲ್ಲಿ ಶಾಸಕರ ಕೈ ಸೇರಬೇಕು. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಪಂಚಾಯಿತಿಯ ಕಡತಕ್ಕೆ, ಒಂದು ಊರಿನಲ್ಲಿ ಓದು ಬಲ್ಲ ಯಾರಾದರೊಬ್ಬರ ಮನೆಯಲ್ಲಿ. ನಮಸ್ಕಾರ.