ಬೈಯುತ್ತಲೇ ನೋಡಿದ 327 ಕಂತುಗಳು

ಎಲ್ಲರಿಗೂ ನಮಸ್ಕಾರ. ವಿಭಾಗದವರು ಕೊಟ್ಟ ವಿಷಯ ದೊಡ್ಡದು: ದೀರ್ಘ ಧಾರಾವಾಹಿ ಮತ್ತು ಅದರ ಪ್ರೇಕ್ಷಕ. ನಾನು ಅದನ್ನು ಅಮೆರಿಕದ ಟಿವಿ ಧಾರಾವಾಹಿ 'ಸೂಪರ್‌ನ್ಯಾಚುರಲ್' ಒಂದಕ್ಕೇ ಸೀಮಿತ ಮಾಡಿಕೊಳ್ಳುತ್ತೇನೆ. ದೆವ್ವ ಭೂತಗಳನ್ನು ಬೇಟೆಯಾಡುವ ಅಣ್ಣ ಡೀನ್ ಯಾರು, ತಮ್ಮ ಸ್ಯಾಮ್ ಯಾರು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಅವರ ಕಪ್ಪು ಇಂಪಾಲಾ ಕಾರಿನ ಚಿತ್ರವಿರುವ ಟೀ ಶರ್ಟ್ ಹಾಕಿಕೊಂಡವರು ಮೂರನೇ ಸಾಲಿನಲ್ಲೇ ಕಾಣಿಸುತ್ತಿದ್ದಾರೆ, ಬಹಳ ಸಂತೋಷ.

ಒಳಗೆ ಬರುವಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಮೇಡಂ, ನೀವು ಐದನೇ ಸೀಸನ್‌ಗೆ ನಿಲ್ಲಿಸಿದವರೋ, ಕೊನೆತನಕ ನೋಡಿದವರೋ?" ಕೊನೆತನಕ ನೋಡಿದವಳು. 2005ರ ಸೆಪ್ಟೆಂಬರ್ 13ರಿಂದ 2020ರ ನವೆಂಬರ್ 19ರವರೆಗೆ, 15 ಸೀಸನ್, 327 ಕಂತು. ಈ ಅಭಿಮಾನಿಗಳಿಗೆ ಹೊರಗಿನವರು ಹೇಳುವ ಒಂದು ಮಾತಿದೆ: "ಅಷ್ಟೊಂದು ಬೈಯುವವರು ಯಾಕಾದರೂ ನೋಡ್ತೀರಿ?" ನಾನು ಇವತ್ತು ಬಂದಿರುವುದೇ ಈ ಮಾತಿಗೆ ಉತ್ತರ ಕೊಡಲು. ಅಭಿಮಾನಿ ಯಾವ ಅಳತೆಗೋಲು ಹಿಡಿದು ಧಾರಾವಾಹಿಯನ್ನು ಬೈಯುತ್ತಾನೋ, ಆ ಅಳತೆಗೋಲನ್ನು ಅವನ ಕೈಗೆ ಕೊಟ್ಟದ್ದು ಧಾರಾವಾಹಿಯೇ. ಈ ಮಾತನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲು ಎಲ್ಲರೂ ಹೇಳುವ ಲೆಕ್ಕ ನೋಡೋಣ. ಧಾರಾವಾಹಿಯನ್ನು ಸೃಷ್ಟಿಸಿದ ಎರಿಕ್ ಕ್ರಿಪ್ಕಿ ಈ ಕಥೆಯನ್ನು ಐದು ಸೀಸನ್‌ಗೆ ಅಂತ ಯೋಚಿಸಿದ್ದರು. ಐದಾದ ಮೇಲೆ ನಡೆಸುವ ಹೊಣೆ ಬಿಟ್ಟರು. ಆಮೇಲೆ ಸೆರಾ ಗ್ಯಾಂಬಲ್, ಜೆರೆಮಿ ಕಾರ್ವರ್, ಕೊನೆಗೆ ಆ್ಯಂಡ್ರ್ಯೂ ಡ್ಯಾಬ್ ಮತ್ತು ರಾಬರ್ಟ್ ಸಿಂಗರ್. ಮೊದಲ ಐದರಲ್ಲಿ 104 ಕಂತು, ಉಳಿದದ್ದು 223. ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಥೆ, ಮುಗಿಯಬೇಕಾಗಿದ್ದ ಜಾಗದಿಂದ ಆಚೆಗಿನದು. ಹಾಗಾಗಿ 'ಮೊದಲ ಐದು ಚಿನ್ನ, ಉಳಿದದ್ದು ಎಳೆದಾಟ' ಅನ್ನುವವರ ದೊಡ್ಡ ಗುಂಪೇ ಇದೆ.

ನನಗೆ ಈ ಭಾಗಾಕಾರ ಒಪ್ಪಿಗೆಯಿಲ್ಲ. ಯಾಕೆ ಅಂತ ಐದನೇ ಸೀಸನ್‌ನಿಂದಲೇ ತೋರಿಸುತ್ತೇನೆ.

2010ರ ಏಪ್ರಿಲ್ 22ರ ಕಂತು ನೆನಪಿಸಿಕೊಳ್ಳಿ. ಮಳೆಯ ರಾತ್ರಿ, ಒಂದು ಹೋಟೆಲ್. ಲೋಕದ ದೇವತೆಗಳೆಲ್ಲ ಅಲ್ಲಿ ಸಭೆ ಸೇರಿದ್ದಾರೆ, ಅಡುಗೆಮನೆಯಲ್ಲಿ ನರಮಾಂಸ ಬೇಯುತ್ತಿದೆ. ಒಂದು ಕೋಣೆಯಲ್ಲಿ ಡೀನ್ ಕಣ್ಣಿಗೆ ಆನೆ ಕಾಣುತ್ತದೆ, ಮರುಕ್ಷಣ ನೋಡಿದರೆ ಟವೆಲ್ ಸುತ್ತಿಕೊಂಡ ಒಬ್ಬ ಮನುಷ್ಯ. ಅವನು ಗಣೇಶ. ಪಕ್ಕದಲ್ಲಿ ಕಾಳಿಯೂ ಇದ್ದಾಳೆ. ಆಮೇಲೆ ಸೈತಾನ ಲೂಸಿಫರ್ ಬರುತ್ತಾನೆ, ಒಂದೇ ರಾತ್ರಿಯಲ್ಲಿ ಎಲ್ಲರನ್ನೂ ಮುಗಿಸುತ್ತಾನೆ. ಕಾಳಿ ತಪ್ಪಿಸಿಕೊಳ್ಳುತ್ತಾಳೆ, ಗಣೇಶ ಇಲ್ಲ. ಚೌತಿಗೆ ಮೋದಕ ಮಾಡಿಟ್ಟು ಗರಿಕೆ ಏರಿಸುವ ಮನೆಯಿಂದ ಬಂದವಳು ನಾನು. ಆ ದೃಶ್ಯ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಭಕ್ತಿಗೆ ಪೆಟ್ಟಾಯಿತು ಅನ್ನುವುದು ಒಂದು. ಅದಕ್ಕಿಂತ ಹೆಚ್ಚಾಗಿ, ಬೇರೆ ಜನಗಳ ದೇವರೆಲ್ಲ ತಮ್ಮ ಸೈತಾನನ ಎದುರು ನಿಮಿಷ ನಿಲ್ಲಲಾರರು ಅನ್ನುವ ಉಡಾಫೆ ಅಲ್ಲಿದೆ.

ಆದರೆ ಸರಿಯಾಗಿ ಮೂರು ವಾರಕ್ಕೆ, ಮೇ 13ಕ್ಕೆ, ಅದೇ ಸೀಸನ್ನಿನ ಕೊನೆಯ ಕಂತು 'ಸ್ವಾನ್ ಸಾಂಗ್' ಬಂತು. ಸ್ಮಶಾನದ ಬಯಲು. ಸ್ಯಾಮ್‌ನ ಮೈಹೊಕ್ಕ ಲೂಸಿಫರ್ ಡೀನ್‌ನನ್ನು ಕಾರಿಗೆ ಒತ್ತಿ ಹಿಡಿದು ಬಡಿಯುತ್ತಿದ್ದಾನೆ. ಆಗ ಕಾರಿನೊಳಗಿನ ಆ್ಯಶ್‌ಟ್ರೇ ಕಾಣುತ್ತದೆ. ಅದರಲ್ಲಿ ಒಂದು ಪ್ಲಾಸ್ಟಿಕ್ ಸಿಪಾಯಿ. ಚಿಕ್ಕಂದಿನಲ್ಲಿ ಸ್ಯಾಮ್ ತುರುಕಿದ್ದು, ಸಿಕ್ಕಿಕೊಂಡದ್ದು ಹೊರಗೆ ಬಂದೇ ಇಲ್ಲ. ಲೋಕ ಉಳಿಯುವುದು ದೇವದೂತರಿಂದಲ್ಲ, ಮಂತ್ರದಿಂದಲ್ಲ, ಆ ಬೆರಳುದ್ದದ ಆಟಿಕೆಯಿಂದ. ಅಣ್ಣ ತಮ್ಮ ಹಿಂದಿನ ಸೀಟಿನಲ್ಲಿ ಬೆಳೆದ ನೆನಪು ಉಕ್ಕಿ ಬಂದು ಸ್ಯಾಮ್ ತನ್ನ ಮೈಯನ್ನು ತಾನೇ ವಾಪಸು ಪಡೆಯುತ್ತಾನೆ. ಇದನ್ನು ಬರೆದವರಿಗೆ ನಾನು ಕೈಮುಗಿಯುತ್ತೇನೆ.

ಮೂರು ವಾರದ ಅಂತರದಲ್ಲಿ ಇದೂ ಅದೂ! ಹಾಗಿರುವಾಗ ಚಿನ್ನದ ಸೀಸನ್ ಯಾವುದು, ಕಾಗೆಬಂಗಾರ ಯಾವುದು? ಮೆಚ್ಚುವ, ಬೈಯುವ ಈ ಎರಡು ಮನಸ್ಸು ಹನ್ನೆರಡನೇ ಸೀಸನ್‌ಗೆ ಹುಟ್ಟಿದ್ದಲ್ಲ, ಮೊದಲಿನಿಂದ ಜೊತೆಗೇ ಇತ್ತು.

ಈಗ ನನ್ನ ಅಕ್ಕನ ಮಗಳ ಕಥೆ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. 2020ರ ನವೆಂಬರ್, ಕಾಲೇಜು ಮುಚ್ಚಿತ್ತು, ಮನೆಯಲ್ಲೇ ಇದ್ದಳು. ಅಮೆರಿಕದಲ್ಲಿ ನವೆಂಬರ್ 5ರ ರಾತ್ರಿಯ ಕಂತು ನಮಗೆ 6ರ ಬೆಳಗು. ಅಲ್ಲಿ ಅಧ್ಯಕ್ಷರ ಚುನಾವಣೆಯ ಮತ ಎಣಿಕೆ ಇನ್ನೂ ಮುಗಿದಿಲ್ಲ, ಟಿವಿಯಲ್ಲೆಲ್ಲ ಅದೇ. ಹುಡುಗಿ ಕೋಣೆಯಿಂದ ಕೂಗಿದಳಂತೆ, "ಹೇಳಿಯೇಬಿಟ್ಟ!" ಅಕ್ಕ ಒಗ್ಗರಣೆ ಹಾಕುತ್ತಿದ್ದವಳು ಅಲ್ಲಿಂದಲೇ, "ಏನು, ಸೋತೆ ಅಂತ ಒಪ್ಪಿಕೊಂಡನಾ?" "ಅಯ್ಯೋ ಅಮ್ಮ, ಟ್ರಂಪ್ ಅಲ್ಲ, ಕ್ಯಾಸ್ಟಿಯೆಲ್!" "ಅವನು ಯಾವ ಪಾರ್ಟಿ?" ಇಷ್ಟಾಗುವಾಗ ಒಗ್ಗರಣೆ ಸೀದಿದೆ. ಆಮೇಲೆ ನನಗೆ ಫೋನು. "ಚಿಕ್ಕಮ್ಮಾ, ಪ್ರೀತಿಸ್ತೀನಿ ಅಂತ ಡೀನ್ ಮುಂದೆ ಹೇಳಿಬಿಟ್ಟ." ನಗುತ್ತಲೂ ಇದ್ದಾಳೆ, ಅಳುತ್ತಲೂ ಇದ್ದಾಳೆ. 2008ರಲ್ಲಿ ನಾಲ್ಕನೇ ಸೀಸನ್‌ಗೆ ಬಂದ ದೇವದೂತನ ಪಾತ್ರ ಈ ಕ್ಯಾಸ್ಟಿಯೆಲ್, 12 ವರ್ಷ ಜನ ಆ ಒಂದು ಮಾತಿಗೆ ಕಾದಿದ್ದರು. ಸಂಜೆ ಮತ್ತೆ ಅವಳದೇ ಫೋನು, ಈ ಸಲ ಧ್ವನಿಯಲ್ಲಿ ಬೆಂಕಿ. "ಹೇಳಿದ ಕೂಡಲೇ ಅವನನ್ನು ಶೂನ್ಯ ನುಂಗಿಬಿಡ್ತಲ್ಲ? ಡೀನ್ ಬಾಯಲ್ಲಿ ಒಂದು ಉತ್ತರ ಇಲ್ವಲ್ಲ? ಇದೇನು ಕೊಟ್ಟದ್ದೋ ಕಿತ್ತುಕೊಂಡದ್ದೋ?" ಬೆಳಿಗ್ಗೆಯ ಅಳುವೂ ನಿಜ, ಸಂಜೆಯ ಕೋಪವೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಅಳತೆಗೋಲಿನ ಮಾತಿಗೆ ಮತ್ತೆ ಬರುತ್ತೇನೆ. ನಾಲ್ಕನೇ ಸೀಸನ್‌ನಲ್ಲಿ ಚಕ್ ಎಂಬ ಲೇಖಕ ಬಂದ. ಅಣ್ಣ ತಮ್ಮಂದಿರ ಬದುಕನ್ನೇ ಕಾದಂಬರಿ ಮಾಡಿ ಬರೆಯುತ್ತಿದ್ದವನು. ಮುಂದೆ ಅವನೇ ದೇವರು ಅಂತಾಯಿತು. 2019ರಲ್ಲಿ, ಹದಿನಾಲ್ಕನೇ ಸೀಸನ್‌ನ ಕೊನೆಗೆ, ಆ ದೇವರೇ ಖಳನಾಯಕ: ತನ್ನ ಮನರಂಜನೆಗಾಗಿ ಇವರಿಗೆ ಕಷ್ಟದ ಮೇಲೆ ಕಷ್ಟ ಬರೆದವನು. ಎಷ್ಟು ಧೈರ್ಯದ ಕಲ್ಪನೆ!

ತಾಳಮದ್ದಲೆ ಕೇಳಿದವರು ಇಲ್ಲಿದ್ದರೆ ನನ್ನ ಮಾತು ಬೇಗ ಹಿಡಿಯುತ್ತದೆ. ಕರ್ಣನ ಅರ್ಥಧಾರಿ ರಾತ್ರಿಯಿಡೀ ವಾದಿಸಿ ಕೃಷ್ಣನನ್ನೇ ನಿರುತ್ತರ ಮಾಡಬಹುದು. ಆದರೂ ಬೆಳಗಿನೊಳಗೆ ಕರ್ಣ ಬೀಳಲೇಬೇಕು, ಪ್ರಸಂಗ ಹಾಗಿದೆ. ಕೇಳುವವನಿಗೂ ಅದು ಮೊದಲೇ ಗೊತ್ತು, ಮೋಸ ಹೋದೆ ಅನ್ನಿಸುವುದಿಲ್ಲ. ಸೂಪರ್‌ನ್ಯಾಚುರಲ್ ಮಾಡಿದ್ದು ಬೇರೆ. ಪ್ರಸಂಗ ಬರೆದವನನ್ನೇ ಕಟ್ಟೆಯಿಂದ ಕೆಳಗಿಳಿಸುತ್ತೇವೆ, ಇನ್ನು ಮುಂದೆ ಇವರ ಕಥೆ ಇವರದೇ ಅಂತ ಮಾತು ಕೊಟ್ಟಿತು. 2020ರ ನವೆಂಬರ್ 12ರ ಕಂತಿನಲ್ಲಿ ಚಕ್ ಸೋತು ಸಾಮಾನ್ಯ ಮನುಷ್ಯನಾದ. ಒಂದು ವಾರ ಕಳೆದು ಕೊನೆಯ ಕಂತು. ದೇವರನ್ನೇ ಗೆದ್ದ ಡೀನ್, ಒಂದು ಹಳೇ ಕೊಟ್ಟಿಗೆಯಲ್ಲಿ, ಕಂಬದಿಂದ ಹೊರಗೆ ಚಾಚಿದ್ದ ಕಬ್ಬಿಣದ ಸರಳು ಬೆನ್ನಿಗೆ ನಾಟಿ ಸಾಯುತ್ತಾನೆ. ಸ್ಯಾಮ್ ಬದುಕುತ್ತಾನೆ, ಮಗನಿಗೆ ಡೀನ್ ಅಂತ ಹೆಸರಿಡುತ್ತಾನೆ, ಮುದುಕನಾಗುತ್ತಾನೆ. ಆ ನರೆಗೂದಲಿನ ವಿಗ್ ಬಗ್ಗೆ ನಾನೇನೂ ಹೇಳುವುದಿಲ್ಲ, ನೀವು ಆಗಲೇ ನಗುತ್ತಿದ್ದೀರಿ.

ಆ ಸಾವನ್ನು ಸಮರ್ಥಿಸುವವರಿದ್ದಾರೆ. ಬೇಟೆಗಾರ ಬೇಟೆಯಲ್ಲೇ ಸಾಯುವುದು ಸರಿ, ಕಥೆ ಎಂದಿಗೂ ಇಬ್ಬರು ಅಣ್ಣ ತಮ್ಮಂದಿರದ್ದೇ ಅನ್ನುತ್ತಾರೆ. ಹಣೆಗೆ ಹಣೆ ಹಚ್ಚಿ ಡೀನ್ ತಮ್ಮನ ಹತ್ತಿರ ಅಪ್ಪಣೆ ಕೇಳುವಾಗ ಜೆನ್ಸನ್ ಆಕಲ್ಸ್ ಮತ್ತು ಜೇರೆಡ್ ಪಡಲೆಕಿ ಮಾಡಿದ ನಟನೆಗೆ ನಾನೂ ಅತ್ತಿದ್ದೇನೆ. ಕೋವಿಡ್‌ನಿಂದ ಮಾರ್ಚ್‌ನಲ್ಲಿ ಚಿತ್ರೀಕರಣ ನಿಂತು ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು, ಹಳೆಯ ಕಲಾವಿದರನ್ನೆಲ್ಲ ಒಂದೆಡೆ ಸೇರಿಸುವ ಕಾಲವಾಗಿರಲಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಕುಟುಂಬ ಅಂದರೆ ರಕ್ತಸಂಬಂಧ ಮಾತ್ರವಲ್ಲ ಅಂತ ನಮಗೆ ಕಲಿಸಿದ್ದು ಇವರಿಗೆ ಅಪ್ಪನಂತಿದ್ದ ಹಿರಿಯ ಬೇಟೆಗಾರ ಬಾಬಿ. ವರ್ಷಗಟ್ಟಲೆ ಆ ಪಾಠ ಹೇಳಿಸಿಕೊಂಡವರು, ಕ್ಯಾಸ್ಟಿಯೆಲ್ ಮುಖವೇ ಕಾಣದ ಕೊನೆಯ ಕಂತು ನೋಡಿ ಸುಮ್ಮನಿರಬೇಕೇ? ಅವರು ಹೊರಗಿನಿಂದ ತಂದ ನಿಯಮ ಯಾವುದೂ ಇಲ್ಲ. ಕಲಿಸಿದ್ದನ್ನೇ ತಿರುಗಿ ಕೇಳಿದರು.

ಚೀಟಿ ಬಂತು, ಐದು ನಿಮಿಷವಂತೆ. ಎರಡು ವಿಷಯ ಓಡುತ್ತಾ ಹೇಳಿಬಿಡುತ್ತೇನೆ.

ಒಂದು, ಈ ಎರಡು ಮನಸ್ಸು ಜನರನ್ನು ಕಹಿ ಮಾಡಿ ಬಿಡಲಿಲ್ಲ. ಕ್ಯಾಸ್ಟಿಯೆಲ್ ಪಾತ್ರದ ಮಿಶಾ ಕಾಲಿನ್ಸ್ ಕಟ್ಟಿದ 'ರ‍್ಯಾಂಡಮ್ ಆ್ಯಕ್ಟ್ಸ್' ಸೇವಾಸಂಸ್ಥೆಗೆ ದುಡಿದವರು, 2015ರಲ್ಲಿ ಪಡಲೆಕಿ ತನ್ನ ಖಿನ್ನತೆಯ ಬಗ್ಗೆ ಬಾಯಿಬಿಟ್ಟಾಗ ಜೊತೆಗೆ ನಿಂತವರು, ಎಲ್ಲ ಇದೇ ಅಭಿಮಾನಿಗಳು.

ಎರಡು, ಹೆಣ್ಣು ಪಾತ್ರಗಳು. ಇದಕ್ಕೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಈಗ ಎರಡು ಮಾತು. ಅಮ್ಮ ಮೇರಿ, ಸ್ಯಾಮ್ ಪ್ರೀತಿಸಿದ ಜೆಸಿಕಾ, ಬೇಟೆಗಾರ್ತಿಯರಾದ ತಾಯಿ ಮಗಳು ಎಲೆನ್, ಜೋ. ಗಂಡಸರ ದುಃಖಕ್ಕೆ ಕಾರಣವಾಗಲೆಂದೇ ಸಾಯುತ್ತಾ ಹೋದರು. ಹತ್ತನೇ ಸೀಸನ್‌ನಲ್ಲಿ ಅಣ್ಣ ತಮ್ಮಂದಿರ ಗೆಳತಿ ಚಾರ್ಲಿಯನ್ನು ಕೊಂದು ಸ್ನಾನದ ತೊಟ್ಟಿಯಲ್ಲಿ ಹಾಕಿದಾಗ ನನ್ನ ಅಕ್ಕನ ಮಗಳು ಆ ಸೀಸನ್ ಅಲ್ಲಿಗೇ ಬಿಟ್ಟಳು, ತಿಂಗಳುಗಟ್ಟಲೆ ಮುಟ್ಟಲಿಲ್ಲ. ಈ ಧಾರಾವಾಹಿಯನ್ನು ಇಷ್ಟು ವರ್ಷ ಹೊತ್ತು ಮೆರೆಸಿದವರಲ್ಲಿ ಹೆಣ್ಣುಮಕ್ಕಳು ಎಷ್ಟೊಂದು ಜನ! ಅವರಿಗೆ ಪರದೆಯ ಮೇಲೆ ಬಾಳುವ ಒಬ್ಬ ಗೆಳತಿಯನ್ನು ಯಾಕೆ ಉಳಿಸಿಕೊಡಲಿಲ್ಲ? ಪ್ರಶ್ನೋತ್ತರವನ್ನು ಇಲ್ಲಿಂದಲೇ ಶುರು ಮಾಡೋಣ. ಮೂರನೇ ಸಾಲಿನವರು ಆಗಲೇ ಕೈಯೆತ್ತಿದ್ದಾರೆ, ಮೈಕು ಅವರಿಗೆ ಕೊಡಿ.